ಅವ್ವನ ಹೆಸರಲ್ಲಿ ದತ್ತಿ ಇಡುವ ಬಗ್ಗೆ

ನಮಸ್ಕಾರ ರೀ. ತೀರಿಹೋದ ನಿಮ್ಮ ಅವ್ವನ ಹೆಸರಲ್ಲಿ ಧಾರವಾಡದ ವಿಶ್ವವಿದ್ಯಾಲಯದ ಸಂಗೀತ ವಿಭಾಗಕ್ಕೆ 5 ಲಕ್ಷ ಕೊಡಬೇಕು, ಕೋಣೆಗೆ ಹೆಸರು ಇಡಿಸೋದೋ ಚಿನ್ನದ ಪದಕವೋ ಎಂದು ಕೇಳಿದ್ದೀರಿ. ನನ್ನನ್ನು ಕೇಳಿದರೆ ಎರಡೂ ಬೇಡ. ವಿದ್ಯಾರ್ಥಿವೇತನದ ದತ್ತಿ ಇಡಿ.

ದತ್ತಿಯಲ್ಲಿ ಅಸಲು ಠೇವಣಿಯಲ್ಲೇ ಇರುತ್ತದೆ, ಬಡ್ಡಿ ಮಾತ್ರ ಖರ್ಚಾಗುತ್ತದೆ. ಶೇ. 6.5 ಬಡ್ಡಿ ಅಂದರೆ ವರ್ಷಕ್ಕೆ 32,500 ರೂಪಾಯಿ. ಹಾವೇರಿ ಕಡೆಯ ಹಳ್ಳಿಯಿಂದ ಬಂದು ಹಾಡು ಕಲಿಯುವ ಹುಡುಗಿಗೆ ಅದು ದೊಡ್ಡ ಆಸರೆ, ಅಲ್ವಾ? ನಾವು ಅಜ್ಜನ ಹೆಸರಲ್ಲಿ ಬೇರೆ ಕಡೆ ಪದಕ ಇಟ್ಟಿದ್ದೆವು. ಚಿನ್ನದ ಬೆಲೆ ಏರಿತು, ಬಡ್ಡಿ ಏರಲಿಲ್ಲ. ಈಗ ಕೊಡುವುದು ಚಿನ್ನದ ಲೇಪದ ಪದಕ. ನೋಡಿದಾಗ ಬಹಳ ಬೇಜಾರಾಯಿತು.

ಕೋಣೆಯ ಫಲಕ ಸುಣ್ಣ ಬಳಿಯುವಾಗ ಮಾಯವಾಗಬಹುದು. ಹೆಸರು ಕಣ್ಣಿಗೆ ಕಾಣಲೇಬೇಕು ಎಂದಿದ್ದರೆ ಮಿರಜಿನ ಒಂದು ಜೋಡಿ ತಂಬೂರಿ ಕೊಡಿ. ದಿನಾ ಶ್ರುತಿ ಹಿಡಿದು ಕೂರುವ ಮಕ್ಕಳ ಕೈಯಲ್ಲಿ ಅವ್ವ ಇರುತ್ತಾರೆ. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಅಂಧ ಮಕ್ಕಳು, ಬಡ ಮಕ್ಕಳು ಸಂಗೀತ ಕಲಿತದ್ದೂ ಜನ ಕೊಟ್ಟ ದಾನದಿಂದಲೇ.

ಕರಾರನ್ನು ಬರವಣಿಗೆಯಲ್ಲೇ ಮಾಡಿಕೊಳ್ಳಿ. ಯಾರಿಗೆ ಕೊಡಬೇಕು, ಯಾವ ತಿಂಗಳು, ಅರ್ಹರು ಸಿಗದ ವರ್ಷ ಬಡ್ಡಿ ಅಸಲಿಗೆ ಸೇರಬೇಕೋ ಹೇಗೆ, ಎಲ್ಲ ಬರೆಸಿ. ಹಣ ಚೆಕ್‌ನಲ್ಲೇ ಕೊಡಿ. 2,000 ರೂಪಾಯಿ ಮೀರಿದ ನಗದಿಗೆ, ದಾನಕ್ಕೆ ಸಿಗುವ ಆದಾಯ ತೆರಿಗೆ ರಿಯಾಯಿತಿ ಇಲ್ಲ. ಹೊಸ ತೆರಿಗೆ ಪದ್ಧತಿ ಆರಿಸಿಕೊಂಡಿದ್ದರೆ ಅದು ಹೇಗೂ ಸಿಗುವುದಿಲ್ಲ.