ಮಳೆಗಾಲಕ್ಕೆ ಹೆಣಿಗೆ, ಚಳಿಗಾಲಕ್ಕೆ ಸ್ವೆಟರ್

ಬಯಲುಸೀಮೆಯಿಂದ ಚಿಕ್ಕಮಗಳೂರಿಗೆ ಬಂದು ನೆಲೆಸಿರುವ ನೀವು, ಮಳೆಗಾಲದ ಸಂಜೆಗಳಲ್ಲಿ ಸ್ವೆಟರ್ ಹೆಣೆಯುವುದನ್ನು ಕಲಿಯಬೇಕೆಂದಿದ್ದೀರಿ. ಇಲ್ಲಿಯ ಚಳಿಗೆ ಉಣ್ಣೆ ನಿಜವಾಗಿಯೂ ಬೇಕೇ, ಯಾವ ನೂಲು ಮತ್ತು ಯಾವ ಕಡ್ಡಿ ಕೊಳ್ಳಬೇಕು, ಮೊದಲು ಏನನ್ನು ಹೆಣೆಯಬೇಕು ಎಂದು ಕೇಳಿದ್ದೀರಿ. ಮೂಡಿಗೆರೆ ಕಡೆಯ ತೋಟದ ಮನೆಯಲ್ಲಿ ಬಹಳ ವರ್ಷಗಳಿಂದ ಹೆಣೆಯುತ್ತಿರುವವಳಾಗಿ ನಾನು ಹೇಳಬೇಕಾದದ್ದು ಮುಖ್ಯವಾಗಿ ಇಷ್ಟು: ಮಲೆನಾಡಿನಲ್ಲಿ ಹೆಣೆಯುವ ಕಾಲವೇ ಬೇರೆ, ತೊಡುವ ಕಾಲವೇ ಬೇರೆ, ಮತ್ತು ಇಲ್ಲಿ ನೂಲನ್ನು ಆರಿಸುವಾಗ ಚಳಿಗಿಂತ ಮೊದಲು ತೇವವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಜೂನ್ ಕೊನೆಯಲ್ಲಿ ಆರಿದ್ರಾ ಮಳೆ ಹಿಡಿದರೆ ಪುನರ್ವಸು, ಪುಷ್ಯ, ಆಶ್ಲೇಷ ಕಳೆದು ಆಗಸ್ಟ್ ಅರ್ಧ ಮುಗಿಯುವವರೆಗೆ ಕತ್ತಲಾದ ಮೇಲೆ ಮನೆಯಿಂದ ಹೊರಗೆ ಕಾಲಿಡುವ ಕೆಲಸ ಅಷ್ಟಾಗಿ ಇರುವುದಿಲ್ಲ. ನಿಜವಾದ ಚಳಿ ಬರುವುದು ಡಿಸೆಂಬರ್ ಮತ್ತು ಜನವರಿಯಲ್ಲಿ. ಆದರೆ ನವೆಂಬರಿನಿಂದಲೇ ಅರೇಬಿಕಾ ಕಾಫಿಯ ಕೊಯ್ಲು, ಅದರ ಬೆನ್ನಿಗೇ ರೊಬಸ್ಟಾ ಕೊಯ್ಲು ನಡೆಯುವುದರಿಂದ ತೋಟದ ಮನೆಗಳಲ್ಲಿ ಆಗ ಯಾರ ಕೈಗೂ ಬಿಡುವಿರುವುದಿಲ್ಲ. ಆದ್ದರಿಂದ ಮಳೆಯಲ್ಲಿ ಆರಂಭಿಸಿ ದೀಪಾವಳಿಯ ಹೊತ್ತಿಗೆ ಮುಗಿಸುವುದು ಇಲ್ಲಿಗೆ ಸರಿಹೊಂದುವ ಕ್ರಮ. ಇನ್ನೊಂದು ಮಾತು. ನಮ್ಮ ಚಳಿ ಬೆಳಗಿನ ಮಂಜಿನೊಂದಿಗೆ ಬಂದು ಬಿಸಿಲೇರುತ್ತಲೇ ಇಳಿದುಹೋಗುತ್ತದೆ, ಹತ್ತು ಗಂಟೆಯ ಹೊತ್ತಿಗೆ ಸ್ವೆಟರ್ ಕಳಚುವಂತಾಗುತ್ತದೆ. ತಲೆಯ ಮೇಲಿನಿಂದ ಎಳೆದು ತೊಡುವ ಸ್ವೆಟರಿಗಿಂತ ಮುಂದೆ ಗುಂಡಿಯಿರುವುದನ್ನೇ ನಾನು ಯಾವಾಗಲೂ ಹೆಣೆಯುವುದು ಈ ಕಾರಣಕ್ಕೆ.

ಈಗ ನೂಲಿನ ವಿಷಯ. ಅಂಗಡಿಯಲ್ಲಿ ‘ಉಲ್ಲನ್’ ಎಂದು ಕೇಳಿದರೆ ನಿಮ್ಮ ಕೈಗೆ ಸಾಮಾನ್ಯವಾಗಿ ಬರುವುದು ಅಕ್ರಿಲಿಕ್ ನೂಲು, ಅಂದರೆ ಕುರಿಗೂ ಅದಕ್ಕೂ ಸಂಬಂಧವಿಲ್ಲದ ಕೃತಕ ಎಳೆ. ಅದನ್ನು ನಾನು ಹೀಗಳೆಯುವುದಿಲ್ಲ. ಬೆಲೆ ಕಡಿಮೆ, ನೀರು ಹೀರುವುದಿಲ್ಲವಾದ್ದರಿಂದ ಮಳೆಗಾಲದಲ್ಲಿಯೂ ಬೇಗ ಒಣಗುತ್ತದೆ, ಎಷ್ಟು ಸಲ ಬಿಚ್ಚಿ ಹೆಣೆದರೂ ತಡೆದುಕೊಳ್ಳುತ್ತದೆ, ಹಾಗಾಗಿ ಕಲಿಯುವವರಿಗೆ ಅದೇ ಸರಿ. ಆದರೆ ತೇವದ ಗಾಳಿಯಲ್ಲಿ ಮೈ ಬೆಚ್ಚಗಿಡುವ ಗುಣ ಉಣ್ಣೆಯದೇ. ಉಣ್ಣೆಯ ಎಳೆ ತನ್ನ ತೂಕದ ಸುಮಾರು ಶೇ. 30ರಷ್ಟು ತೇವಾಂಶವನ್ನು ಒಳಗೆಳೆದುಕೊಂಡರೂ ಮುಟ್ಟಿದರೆ ಒದ್ದೆಯೆನಿಸುವುದಿಲ್ಲ, ಮೇಲಾಗಿ ಹಾಗೆ ಹೀರುವಾಗ ತುಸು ಶಾಖವನ್ನೂ ಹೊರಬಿಡುತ್ತದೆ. ನಮ್ಮ ಹಿರಿಯರು ಕಂಬಳಿ ಕೊಪ್ಪೆ ಹಾಕಿಕೊಂಡು ಇಡೀ ದಿನ ಗದ್ದೆಯಲ್ಲಿ ನಾಟಿ ಮಾಡಲು ಸಾಧ್ಯವಾದದ್ದರ ಹಿಂದೆ ಈ ಗುಣವಿದೆ. ಕಂಬಳಿಗೆ ಬಳಸುವ ದಖ್ಖನಿ ಕುರಿಯ ಉಣ್ಣೆ ಒರಟು, ಮೈಗೆ ತಾಗಿದರೆ ಚುಚ್ಚುತ್ತದೆ. ಸ್ವೆಟರಿಗೆ ಬೇಕಾದದ್ದು ಮೆರಿನೊ ಜಾತಿಯ ಕುರಿಯ ನಯವಾದ ಉಣ್ಣೆ, ಅದರ ಎಳೆಯ ದಪ್ಪ ಸಾಮಾನ್ಯವಾಗಿ 24 ಮೈಕ್ರಾನಿಗಿಂತ (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ಕಡಿಮೆ. ಅದರ ಬೆಲೆ ಹೆಚ್ಚಾದ್ದರಿಂದ ಕೈ ಪಳಗಿದ ಮೇಲೆ ಕೊಳ್ಳಿ. ಚೀಟಿಯ ಮೇಲೆ ಬರೆದದ್ದರಲ್ಲಿ ಅನುಮಾನವಿದ್ದರೆ ಒಂದು ತುಂಡು ನೂಲನ್ನು ಸ್ಟೀಲ್ ತಟ್ಟೆಯ ಮೇಲೆ ಇಕ್ಕಳದಲ್ಲಿ ಹಿಡಿದು ಸುಟ್ಟು ನೋಡಿ: ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ ಬಂದು ಬೆರಳಿಗೆ ಪುಡಿಯಾಗುವ ಬೂದಿ ಉಳಿಯುತ್ತದೆ, ಅಕ್ರಿಲಿಕ್ ಆದರೆ ಕರಗಿ ಗಟ್ಟಿಯಾದ ಕಪ್ಪು ಉಂಡೆಯಾಗುತ್ತದೆ. ಅಕ್ರಿಲಿಕ್ ಬಟ್ಟೆಯನ್ನು ಬಚ್ಚಲೊಲೆಯ ಹತ್ತಿರ ಒಣಗಲು ಹಾಕಬಾರದು ಎನ್ನುವುದೂ ಇದರಿಂದಲೇ ತಿಳಿಯುತ್ತದೆ.

ಮೊದಲ ಸಲಕ್ಕೆ ತಿಳಿ ಬಣ್ಣದ, ಮಧ್ಯಮ ದಪ್ಪದ ನೂಲನ್ನೇ ತೆಗೆದುಕೊಳ್ಳಿ. ಕಪ್ಪು ಅಥವಾ ಗಾಢ ನೀಲಿಯಲ್ಲಿ ಕುಣಿಕೆಗಳು ಕಣ್ಣಿಗೆ ಬೇರೆಬೇರೆಯಾಗಿ ಕಾಣುವುದಿಲ್ಲ, ಮೋಡ ಕವಿದ ಮಧ್ಯಾಹ್ನದಲ್ಲಂತೂ ತೀರಾ ಕಷ್ಟ. ಚೀಟಿಯ ಮೇಲೆ ಬಣ್ಣದ ಸಂಖ್ಯೆಯ ಜೊತೆಗೆ ಲಾಟ್ ಸಂಖ್ಯೆಯೂ, ಅಂದರೆ ಒಟ್ಟಿಗೇ ಬಣ್ಣ ಹಾಕಿದ ಕಂತಿನ ಸಂಖ್ಯೆಯೂ ಇರುತ್ತದೆ. ಒಂದು ಸ್ವೆಟರಿಗೆ ಬೇಕಾದಷ್ಟನ್ನೂ ಒಂದೇ ಲಾಟಿನಿಂದ ಒಮ್ಮೆಗೇ ಕೊಳ್ಳಬೇಕು, ಏಕೆಂದರೆ ಬೇರೆ ಲಾಟಿನ ಬಣ್ಣದಲ್ಲಿ ಇರುವ ಸೂಕ್ಷ್ಮ ವ್ಯತ್ಯಾಸ ಉಂಡೆಯಲ್ಲಿ ಕಾಣದಿದ್ದರೂ ಹೆಣೆದ ಮೇಲೆ ಬೆನ್ನಿನ ಮೇಲೆ ಗೆರೆಯಾಗಿ ಎದ್ದು ಕಾಣುತ್ತದೆ. ದೊಡ್ಡವರ ಸ್ವೆಟರಿಗೆ ಸುಮಾರು 400ರಿಂದ 600 ಗ್ರಾಂ ನೂಲು ಬೇಕಾಗುತ್ತದೆ.

ಕಡ್ಡಿಯ ಸಂಖ್ಯೆಯ ಬಗ್ಗೆ ಎಚ್ಚರವಿರಲಿ. ನಮ್ಮ ಅಂಗಡಿಗಳಲ್ಲಿ ಬಳಕೆಯಲ್ಲಿರುವುದು ಹಳೆಯ ಬ್ರಿಟಿಷ್ ಕ್ರಮ. ಅದರಲ್ಲಿ ಸಂಖ್ಯೆ ಏರಿದಂತೆ ಕಡ್ಡಿ ಸಣ್ಣದಾಗುತ್ತದೆ, 8ನೇ ನಂಬರ್ 4 ಮಿ.ಮೀ., 10ನೇ ನಂಬರ್ 3.25 ಮಿ.ಮೀ. ಯೂಟ್ಯೂಬಿನಲ್ಲಿ ನೀವು ನೋಡುವ ಅಮೆರಿಕದ ಮಾದರಿಗಳಲ್ಲಿ ಇದು ತಿರುವುಮುರುವು: ಸಂಖ್ಯೆ ಏರಿದಂತೆ ಕಡ್ಡಿ ದಪ್ಪವಾಗುತ್ತದೆ ಮತ್ತು ಅಲ್ಲಿಯ 8 ಎಂದರೆ 5 ಮಿ.ಮೀ. ಆದ್ದರಿಂದ ನಂಬರನ್ನು ಬಿಟ್ಟು ಮಿಲಿಮೀಟರ್ ಲೆಕ್ಕದಲ್ಲಿಯೇ ಕೇಳಿ. ಅಲ್ಯುಮಿನಿಯಂ ಕಡ್ಡಿಗೆ ತುಕ್ಕು ಹಿಡಿಯುವುದಿಲ್ಲ. ಬಿದಿರಿನ ಕಡ್ಡಿಯಿಂದ ಕುಣಿಕೆ ಬೇಗ ಜಾರುವುದಿಲ್ಲವಾದ್ದರಿಂದ ಹೊಸಬರಿಗೆ ಹಿತ. 4 ಮಿ.ಮೀ. ಬಿದಿರಿನ ಒಂದು ಜೊತೆ ಸಾಕು.

ಮೊದಲು ಹೆಣೆಯಬೇಕಾದದ್ದು ಮಫ್ಲರ್. ಕಡ್ಡಿಯ ಮೇಲೆ 40 ಕುಣಿಕೆ ಏರಿಸಿಕೊಂಡು ಎಲ್ಲ ಸಾಲನ್ನೂ ಸೀದಾ (ಇಂಗ್ಲಿಷಿನಲ್ಲಿ ನಿಟ್) ಹೆಣೆಯುತ್ತ ಹೋದರೆ ಸುಮಾರು 18 ಸೆಂ.ಮೀ. ಅಗಲದ, ಎರಡೂ ಕಡೆ ಒಂದೇ ರೀತಿ ಕಾಣುವ, ಅಂಚು ಸುರುಳಿಯಾಗದ ಪಟ್ಟಿ ಬರುತ್ತದೆ. ಒಂದು ಸಾಲು ಸೀದಾ, ಒಂದು ಸಾಲು ಉಲ್ಟಾ (ಪರ್ಲ್) ಹೆಣೆದರೆ ಮುಖ ನುಣುಪಾಗಿ ಕಾಣುತ್ತದೆ, ಆದರೆ ಅಂಚು ಒಳಕ್ಕೆ ಸುತ್ತಿಕೊಳ್ಳುತ್ತದೆ. ಅದನ್ನು ಮುಂದೆ ಕಲಿಯಿರಿ. ಬರೀ ಸೀದಾ ಹೆಣಿಗೆಯ ಸುಖವೇ ಬೇರೆ. ಕೆಲವೇ ದಿನಗಳಲ್ಲಿ ಬೆರಳುಗಳು ಲೆಕ್ಕವನ್ನು ತಾವೇ ವಹಿಸಿಕೊಳ್ಳುತ್ತವೆ, ಗಾಳಿಮಳೆಗೆ ಕರೆಂಟು ಹೋದಾಗಲೂ ಕತ್ತಲಲ್ಲಿ ಮಾತನಾಡುತ್ತ, ಹೆಂಚಿನ ಮೇಲೆ ಮಳೆ ಹೊಯ್ಯುವುದನ್ನು ಕೇಳುತ್ತ ಕೈ ತನ್ನ ಪಾಡಿಗೆ ಮುಂದುವರಿಯುತ್ತದೆ. ಜಡಿಮಳೆಯ ದಿನಗಳು ನನಗೆ ಎಂದೂ ಬೇಸರವೆನಿಸದಿರುವುದಕ್ಕೆ ಈ ಕಡ್ಡಿಗಳೇ ಕಾರಣ, ಮತ್ತು ಹೊಸದಾಗಿ ಇಲ್ಲಿಗೆ ಬಂದು ಮೊದಲ ಮಳೆಗಾಲದಲ್ಲಿ ಮನಸ್ಸು ಕುಗ್ಗಿದವರಿಗೆ ನಾನು ಮೊದಲು ಸೂಚಿಸುವುದೂ ಇದನ್ನೇ.

ಮಫ್ಲರ್ ಆದ ಮೇಲೆ ಮಗುವಿನ ಕುಲಾವಿ, ಅದಾದ ಮೇಲೆ ಸ್ವೆಟರ್. ಸ್ವೆಟರಿಗೆ ಮುನ್ನ ಕೈಯಗಲದ ಒಂದು ಮಾದರಿ ಚೌಕ ಹೆಣೆದು, 10 ಸೆಂ.ಮೀ. ಅಗಲದಲ್ಲಿ ಎಷ್ಟು ಕುಣಿಕೆ ಬಂದಿವೆ ಎಂದು ಎಣಿಸುವುದನ್ನು ದಯವಿಟ್ಟು ಬಿಡಬೇಡಿ. ನೀವು ಅನುಸರಿಸುವ ಮಾದರಿಯ ಲೆಕ್ಕದಂತೆ 22 ಬರಬೇಕಾದ ಕಡೆ ನಿಮ್ಮ ಕೈಯಲ್ಲಿ 20 ಬಂದರೆ, 200 ಕುಣಿಕೆಯ ಎದೆಸುತ್ತು 91 ಸೆಂ.ಮೀ. ಬದಲು 100 ಸೆಂ.ಮೀ. ಆಗುತ್ತದೆ.

ಕೊನೆಯದಾಗಿ, ನೀವು ಕೇಳದಿದ್ದರೂ ಇಲ್ಲಿ ಅಗತ್ಯವಾದ ಮಾತು, ಕಾಪಾಡುವುದು. ಉಣ್ಣೆಯನ್ನು ಬಿಸಿನೀರಿನಲ್ಲಿ ಉಜ್ಜಿ ತೊಳೆದರೆ ಎಳೆಯ ಮೇಲ್ಮೈಯ ಹುರುಪೆಗಳು ಒಂದಕ್ಕೊಂದು ಸಿಕ್ಕಿಕೊಂಡು ಬಟ್ಟೆ ಕುಗ್ಗಿ ದಪ್ಪಗಾಗುತ್ತದೆ, ಆಮೇಲೆ ಅದನ್ನು ಸರಿಪಡಿಸಲಾಗುವುದಿಲ್ಲ. ತಣ್ಣೀರಿನಲ್ಲಿ ಅಂಟುವಾಳದ ನೊರೆಯೊಳಗೆ ಅದ್ದಿ, ಹಿಂಡದೆ, ಟವೆಲಿನಲ್ಲಿ ಸುತ್ತಿ ಒತ್ತಿ, ಚಾಪೆಯ ಮೇಲೆ ಹರವಿ ಒಣಗಿಸಿ. ತಂತಿಗೆ ನೇತುಹಾಕಿದರೆ ನೀರಿನ ಭಾರಕ್ಕೆ ಉದ್ದವಾಗುತ್ತದೆ. ನುಸಿಯ ಮರಿಹುಳುಗಳಿಗೆ ಬೆವರು ಮತ್ತು ಎಣ್ಣೆಯ ಕಲೆಯಿರುವ ಉಣ್ಣೆಯೇ ಹೆಚ್ಚು ಇಷ್ಟವಾದ್ದರಿಂದ, ಎತ್ತಿಡುವ ಮೊದಲು ತೊಳೆದು ಪೂರ್ತಿ ಒಣಗಿಸಿ, ಬಿಗಿಯಾದ ಮುಚ್ಚಳದ ಡಬ್ಬಿಯಲ್ಲಿಡಿ. ಮಗುವಿನ ಬಟ್ಟೆಯ ಜೊತೆ ನುಸಿಗುಳಿಗೆ ಖಂಡಿತ ಬೇಡ. ಅದರಲ್ಲಿ ನ್ಯಾಫ್ತಲೀನ್ ಇದ್ದರೆ ಕೆಲವು ಶಿಶುಗಳಲ್ಲಿ ಕೆಂಪು ರಕ್ತಕಣಗಳು ಒಡೆಯುವ ಅಪಾಯವಿದೆ. ಮಳೆ ನಿಂತು ಬಿಸಿಲು ಬಂದ ಮೇಲೆ ಡಬ್ಬಿ ತೆರೆದು, ಎಲ್ಲವನ್ನೂ ಒಮ್ಮೆ ಕೊಡವಿ, ಜಗಲಿಯ ಗಾಳಿಗೆ ಹರವಿ, ಆಮೇಲೆಯೇ ತೊಡಲು ತೆಗೆಯಿರಿ.