ಪ್ಯಾರಡೈಸ್ ಲಾಸ್ಟ್‌ನ ‘ಹೋಸ್ಟ್’, ‘ಮೆಡೂಸಾ’ ಒಂದೇ ಬ್ಯಾಂಡಿನ ಆಲ್ಬಂ ಅನಿಸುವುದೇ ಇಲ್ಲ. ಎರಡನ್ನೂ ಸವಿಯುವುದು ಹೇಗೆ?
ಅಬ್ಬರವನ್ನು ಬದಿಗಿಟ್ಟು ರಾಗದ ಎಳೆ ಹಿಡಿಯಿರಿ, ಎರಡೂ ಒಂದೇ ಮನೆಯವೆಂದು ತಿಳಿಯುತ್ತದೆ.

ಇಂಗ್ಲೆಂಡಿನ ಹ್ಯಾಲಿಫ್ಯಾಕ್ಸ್‌ನ ಈ ಗಾಥಿಕ್ ಮೆಟಲ್ (ವಿಷಾದದ ಛಾಯೆಯ ಅಬ್ಬರದ ರಾಕ್ ಸಂಗೀತ) ಬ್ಯಾಂಡಿಗೆ ಬಹುಮಟ್ಟಿಗೆ ಸಂಗೀತ ಹೆಣೆಯುವವರು ಗಿಟಾರ್ ವಾದಕ ಗ್ರೆಗರ್ ಮ್ಯಾಕಿಂಟಾಷ್. ಮೈನರ್ ಸ್ಕೇಲ್ ಎಂಬ ಸ್ವರಶ್ರೇಣಿಯ ವಿಷಾದ, ಮತ್ತೆ ಮತ್ತೆ ಮರಳಿ ಬರುವ ಪುಟ್ಟ ಸ್ವರಗುಚ್ಛ ಅವರ ಗುರುತು. 2017ರ ‘ಮೆಡೂಸಾ’ದಲ್ಲಿ ಅದನ್ನು ಹೊರುವುದು ಡಿಸ್ಟಾರ್ಷನ್ ಗಿಟಾರ್, ಅಂದರೆ ನಾದವನ್ನು ಬೇಕೆಂದೇ ಒರಟಾಗಿಸಿದ ಗಿಟಾರ್, ಜತೆಗೆ ಗಾಯಕ ನಿಕ್ ಹೋಮ್ಸ್ ಗಂಟಲಾಳದಿಂದ ಗುರುಗುಟ್ಟುತ್ತಾರೆ. 1999ರ ‘ಹೋಸ್ಟ್’ನಲ್ಲಿ ಆ ಭಾರ ಸಿಂತಸೈಜರ್, ಅಂದರೆ ವಿದ್ಯುನ್ಮಾನವಾಗಿ ನಾದ ಹೊರಡಿಸುವ ವಾದ್ಯದ ಹೆಗಲಿಗೆ ಬಿದ್ದಿದೆ, ಗಿಟಾರ್ ಇದ್ದರೂ ಎಫೆಕ್ಟ್‌ಗಳಲ್ಲಿ ಕರಗಿಹೋಗಿದೆ, ಅದೇ ಹೋಮ್ಸ್ ಮೆಲ್ಲಗೆ ಹಾಡುತ್ತಾರೆ.

ಒಂದರಿಂದ ಇನ್ನೊಂದಕ್ಕೆ ನೇರ ಜಿಗಿಯಬೇಡಿ. 1995ರ ‘ಡ್ರಕೋನಿಯನ್ ಟೈಮ್ಸ್’, 1997ರ ‘ಒನ್ ಸೆಕೆಂಡ್’, ಆಮೇಲೆ ‘ಹೋಸ್ಟ್’ ಕೇಳಿದರೆ ಗಿಟಾರ್ ಹಂತಹಂತವಾಗಿ ಹಿಂದೆ ಸರಿಯುವುದು ಕಾಣುತ್ತದೆ. ‘ಮೆಡೂಸಾ’ ಕೊನೆಗಿರಲಿ.

‘ಹೋಸ್ಟ್’ ಸಪ್ಪೆ ಅನಿಸಿದರೆ ಮೊದಲು ವಾಲ್ಯೂಮ್ ನೋಡಿ. ಜೋರಾಗಿ ಕೇಳಿದ್ದೇ ಚೆಂದ ಎಂದು ಕಿವಿ ಸುಲಭವಾಗಿ ಮೋಸಹೋಗುತ್ತದೆ. ಹಾಗಾಗಿ ಎರಡರ ಜೋರನ್ನೂ ಸಮ ಮಾಡಿಕೊಳ್ಳಿ. ಫೋನ್ ಸ್ಪೀಕರಂತೂ ಬೇಡವೇ ಬೇಡ, ಅದರಲ್ಲಿ ಬೇಸ್ (ತಗ್ಗಿನ ಸ್ವರಗಳು) ಕೇಳಿಸದೆ ‘ಮೆಡೂಸಾ’ ಬರೀ ಗರಗಸದ ಸದ್ದಾಗುತ್ತದೆ.