ಸೀಟಿಗೆ ಎರಡೂವರೆ ಲಕ್ಷ ಡಾಲರ್: ಕೆಟ್ಟದ್ದು ಯಾವ ಲೆಕ್ಕ?

ಪ್ರಶ್ನೆ: 2023ರ ಜೂನ್‌ನಲ್ಲಿ ಟೈಟಾನಿಕ್ ಅವಶೇಷ ನೋಡಲು ಹೋದ ‘ಟೈಟನ್’ ಜಲಾಂತರ್ನೌಕೆ ನುಚ್ಚುನೂರಾಗಿ ಐವರು ಸತ್ತರು. ಒಂದು ಸೀಟಿಗೆ 2.5 ಲಕ್ಷ ಡಾಲರ್ ಕೊಡಬಲ್ಲವರಿಗೆ ಒಬ್ಬ ಎಂಜಿನಿಯರನ್ನು ವಿಚಾರಿಸಲು ಆಗಲಿಲ್ಲವೇ? ದುಡ್ಡು ಜಾಸ್ತಿಯಾದರೆ ಭಯ ಹೋಗಿಬಿಡುತ್ತದೆಯೇ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಭಯಕ್ಕಿಂತ ಮೊದಲು ಲೆಕ್ಕ ಕೆಡುತ್ತದೆ. ನೂರು ಕೋಟಿ ಡಾಲರ್ ಇದ್ದವನಿಗೆ ಆ ಟಿಕೆಟ್ ಆಸ್ತಿಯ ಶೇ 0.025. ನಲವತ್ತು ಲಕ್ಷ ಇದ್ದವರು ಸಾವಿರ ರೂಪಾಯಿ ಕೊಟ್ಟಂತೆ. ಸಾವಿರ ರೂಪಾಯಿಯ ಸಾಮಾನಿಗೆ ಯಾರು ತಾನೇ ಕಾಗದಪತ್ರ ಕೇಳುತ್ತಾರೆ? ಜೊತೆಗೆ, ಹತ್ತು ಹೂಡಿಕೆ ಮುಳುಗಿದರೂ ಹನ್ನೊಂದನೆಯದು ಎಲ್ಲವನ್ನೂ ತುಂಬಿಕೊಟ್ಟ ಅನುಭವ ಇಂಥವರಿಗಿರುತ್ತದೆ. ಹಣ ಚೂರುಚೂರಾಗಿ ಹೋಗುತ್ತದೆ, ಮತ್ತೆ ಬರುತ್ತದೆ. ಜೀವ ಹಾಗೆ ಕಂತಿನಲ್ಲಿ ಹೋಗುವುದಿಲ್ಲ.

ಟೈಟಾನಿಕ್ ಇರುವುದು ಸುಮಾರು 3,800 ಮೀಟರ್ ಆಳದಲ್ಲಿ. ಅಲ್ಲಿ ಪ್ರತಿ ಚದರ ಸೆಂಟಿಮೀಟರ್ ಮೇಲೆ ಸುಮಾರು 390 ಕಿಲೋ ಭಾರ. ಟೈಟನ್ನಿನಲ್ಲಿ ಜನ ಕೂರುವ ಕೊಳವೆ ಐದು ಇಂಚು ದಪ್ಪದ ಕಾರ್ಬನ್ ಫೈಬರ್. ಎಳೆತಕ್ಕೆ ಅದು ಗಟ್ಟಿ, ಅದುಮುವಿಕೆಗೆ ಅಷ್ಟು ನೆಚ್ಚುವಂತಿಲ್ಲ. ಪದರಗಳು ಒಳಗೊಳಗೇ ಬಿಡುತ್ತಾ ಹೋದರೂ ಹೊರಗಿನ ಕಣ್ಣಿಗೆ ಕಾಣುವುದಿಲ್ಲ. 2022ರ ಜುಲೈನ ಒಂದು ಡೈವ್‌ನಲ್ಲಿ ದೊಡ್ಡ ಸದ್ದು ಕೇಳಿತು, ಆಮೇಲೆ ಸೆನ್ಸರ್‌ಗಳ ಅಂಕಿಗಳೂ ಬದಲಾದವು. ಆದರೂ ಅದೇ ಕೊಳವೆಯಲ್ಲಿ ಜನರನ್ನು ಇಳಿಸಿದರು.

ಹೇಳುವವರು ಇರಲಿಲ್ಲವೆಂದಲ್ಲ. ಟೈಟನ್ ನಡೆಸುತ್ತಿದ್ದ ಓಷನ್‌ಗೇಟ್ ಕಂಪನಿಯದೇ ಹಿರಿಯ ಅಧಿಕಾರಿಯೊಬ್ಬರು 2018ರಲ್ಲಿ ದೋಷಗಳನ್ನು ಬರೆದುಕೊಟ್ಟು ಕೆಲಸ ಕಳೆದುಕೊಂಡರು. ಅದೇ ವರ್ಷ ಹೊರಗಿನ ತಜ್ಞರೂ ಪತ್ರ ಬರೆದರು. ಸ್ವತಂತ್ರ ಸಂಸ್ಥೆಯ ಪ್ರಮಾಣಪತ್ರ ಕೊನೆಗೂ ಬರಲಿಲ್ಲ. ಮುಖ್ಯಸ್ಥ ಸ್ಟಾಕ್‌ಟನ್ ರಷ್ ತಾನೇ ಚಾಲಕನಾಗಿ ಕೂತು ಸತ್ತ. ಮೋಸ ಮಾಡುವ ಉದ್ದೇಶವಿದ್ದವನು ಹಾಗೆ ಕೂರುವುದಿಲ್ಲ, ನಂಬಿದವನು ಕೂರುತ್ತಾನೆ. ನಮಗೆ ಹೆಚ್ಚು ಹೆದರಿಕೆ ಹುಟ್ಟಿಸುವುದು ಇದೇ.

ಹಾಗೆಂದು ಸಿರಿವಂತರೆಲ್ಲ ಹೀಗೇ ಎನ್ನಲಾಗದು. ಅಮೆರಿಕದ ಸಿರಿವಂತ ಹೂಡಿಕೆದಾರ ವಿಕ್ಟರ್ ವೆಸ್ಕೋವೊ 2019ರಲ್ಲಿ ಸುಮಾರು 10,900 ಮೀಟರ್ ಆಳಕ್ಕಿಳಿದು ಬಂದದ್ದು ದಪ್ಪ ಟೈಟಾನಿಯಂ ಗೋಳದೊಳಗೆ ಕೂತು. ಆ ನೌಕೆಯನ್ನು ಹೊರಗಿನ ಸಂಸ್ಥೆ ಪರೀಕ್ಷಿಸಿ ಪ್ರಮಾಣೀಕರಿಸಿತ್ತು. ‘ಬೇಡ’ ಎನ್ನುವ ಅಧಿಕಾರ ಇದ್ದವರಿಗೂ ಅವರ ದುಡ್ಡು ಹೋಗಿತ್ತು.

ಪ್ರಶ್ನೆ: ನೇತ್ರಾಣಿಯಲ್ಲಿ ಸ್ಕೂಬಾ ಮಾಡಬೇಕೆಂದಿದ್ದೇವೆ. ದರ ಹೆಚ್ಚಿರುವವರನ್ನೇ ಆರಿಸಿದರೆ ಸುರಕ್ಷಿತವಲ್ಲವೇ?
– ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಅಲ್ಲ. ಇದೂ ಮೇಲಿನ ತಪ್ಪಿನ ಚಿಕ್ಕ ತಮ್ಮ. ಬೆನ್ನಿಗೆ ಕಟ್ಟುವ ಗಾಳಿ ಸಿಲಿಂಡರಿನ ಕುತ್ತಿಗೆಯ ಕೆಳಗೆ ಒತ್ತಡ ಪರೀಕ್ಷೆಯ ತಿಂಗಳು, ವರ್ಷ ಒತ್ತಿರುತ್ತಾರೆ, ಓದಿ. ನೀರಿಗಿಳಿಯುವ ಮುನ್ನ ಗಾಳಿಯ ಒತ್ತಡ ತೋರಿಸುವ ಗೇಜು 200 ಬಾರ್ ಹತ್ತಿರ ಇರಬೇಕು. ಗೇಜು ನೋಡುತ್ತಲೇ ಮೂರ್ನಾಲ್ಕು ಸಲ ಉಸಿರೆಳೆಯಿರಿ; ಮುಳ್ಳು ಕುಣಿದರೆ ವಾಲ್ವ್ ಪೂರ್ತಿ ತೆರೆದಿಲ್ಲ. ಒಬ್ಬ ಬೋಧಕನ ಕೈಗೆ ಎಷ್ಟು ಮಂದಿ ಎಂದೂ ಕೇಳಿ. ಮೊದಲ ಸಲದವರಾದರೆ ನಿಮ್ಮೊಬ್ಬರಿಗೇ ಒಬ್ಬರಿದ್ದರೆ ಒಳ್ಳೆಯದು. ಕಡಲು ಒರಟಾಗಿದ್ದರೆ ಡೈವ್ ರದ್ದು ಮಾಡುವವರು ಯಾರು, ಹಣ ವಾಪಸು ಬರುತ್ತದೆಯೇ ಎಂಬುದನ್ನು ಮುಂಗಡ ಕೊಡುವ ಮೊದಲೇ ಬರಹದಲ್ಲಿ ಪಡೆಯಿರಿ. ವಾಪಸಿಲ್ಲ ಎನ್ನುವ ಕಡೆ, ಅಲೆ ಎದ್ದ ದಿನವೂ ದೋಣಿ ಹತ್ತಲು ನೀವೇ ಅವಸರ ಮಾಡುತ್ತೀರಿ.